ಅಪ್ಪನ ಕೊಡೆ ಆರು ವರ್ಷದ ಮೇಲೆ ಸಿಕ್ಕಿತು. ಇದಕ್ಕೆ ಏನಾದರೂ ಅರ್ಥ ಇದೆಯಾ, ಸುಮ್ನೆ ಕಾಕತಾಳೀಯವಾ?

ಆಗುಂಬೆ ದಾರಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿದೆ. ನಾನು ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇನೆ. ಅಪ್ಪ ಹೋಗಿ ಹತ್ತು ತಿಂಗಳಾಯಿತು. ಅವರ ಹತ್ತಿರ ಒಂದು ದೊಡ್ಡ ಕಪ್ಪು ಕೊಡೆ ಇತ್ತು, ಬಾಗಿದ ಮರದ ಹಿಡಿಯದು. ನಾನು ಹುಟ್ಟುವ ಮೊದಲಿನದು. ಬಟ್ಟೆ ಎರಡು ಸಲ ಬದಲಾಯಿಸಿದ್ದರು, ಹಿಡಿ ಮಾತ್ರ ಅದೇ. ಒಳಗಡೆ ಅಂಚಿನಲ್ಲಿ ಬಿಳಿ ಪೇಂಟಿನಲ್ಲಿ ತಮ್ಮ ಇನಿಷಿಯಲ್ಲು ಮತ್ತು ಊರಿನ ಹೆಸರು ಬರೆದಿದ್ದರು. ಮಲೆನಾಡಿನವರಿಗೆ ಇದು ಗೊತ್ತಿರುತ್ತದೆ, ಮಳೆಗಾಲದಲ್ಲಿ ಯಾರ ಮನೆಯ ಕಾರ್ಯಕ್ಕೆ ಹೋದರೂ ಜಗಲಿಯಲ್ಲಿ ಮೂವತ್ತು ನಲವತ್ತು ಕಪ್ಪು ಕೊಡೆ ಒಂದೇ ಥರದವು ಒರಗಿರುತ್ತವೆ, ಹೆಸರು ಬರೆಯದಿದ್ದರೆ ನಮ್ಮದು ಇನ್ನೊಬ್ಬರ ಜೊತೆ ಹೋಗಿಬಿಡುತ್ತದೆ. ಒಂದು ಕಡೆ ಬಟ್ಟೆ ಹರಿದಾಗ ಕಪ್ಪು ದಾರ ಸಿಗದೆ ಅಮ್ಮ ನೀಲಿ ದಾರದಲ್ಲೇ ಹೊಲಿದಿದ್ದರು.

2019ರ ಆಗಸ್ಟ್ ಮಳೆ ನೆನಪಿದೆಯಲ್ಲ? ಆ ವಾರ ಶಿವಮೊಗ್ಗಕ್ಕೆ ಬಂದಾಗ ಅಪ್ಪ ಕೊಡೆಯನ್ನು ಬಸ್ಸಿನಲ್ಲೇ ಬಿಟ್ಟು ಇಳಿದರು. ಬಹಳ ದಿನ ಅದನ್ನೇ ಹೇಳಿಕೊಂಡು ಬೇಜಾರು ಮಾಡಿಕೊಂಡಿದ್ದರು. ಆಮೇಲೆ ನಾವೆಲ್ಲ ಮರೆತೆವು.

ಹೋದ ವಾರ ನನ್ನ ಕೊಡೆಯ ಎರಡು ಕಡ್ಡಿ ಮುರಿಯಿತು ಅಂತ ಗಾಂಧಿ ಬಜಾರಿನ ಹಿಂದೆ ಕೊಡೆ ರಿಪೇರಿ ಮಾಡುವವರೊಬ್ಬರ ಹತ್ತಿರ ಹೋದೆ. ಅವರು ಕಡ್ಡಿ ಕಟ್ಟುವವರೆಗೆ ಅಲ್ಲೇ ನಿಂತಿದ್ದೆ. ಗೋಡೆಯ ಮೊಳೆಯಲ್ಲಿ ನಾಲ್ಕೈದು ಹಳೆ ಕೊಡೆ ನೇತು ಹಾಕಿದ್ದರು. ಒಂದರ ಹಿಡಿ ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು. ಬಿಚ್ಚಿ ನೋಡಿದೆ. ಅಪ್ಪನ ಅಕ್ಷರ. ನೀಲಿ ದಾರ. ಅಂಗಡಿಯಲ್ಲೇ ಅತ್ತುಬಿಟ್ಟೆ. ಅವರು ಒಂದೂ ಮಾತಾಡದೆ ಕೊಡೆ ನನ್ನ ಕೈಗೆ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಈಗ ನಿಜವಾದ ವಿಷಯ. ನಮಗೆ ಎರಡು ಎಕರೆ ಅಡಿಕೆ ತೋಟ ಇದೆ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಇಳಿದಿದೆ. ಔಷಧಿ ಹೊಡೆಯುವುದಕ್ಕೆ, ಅಡಿಕೆ ಕೊನೆ (ಗೊನೆ) ತೆಗೆಯುವುದಕ್ಕೆ ಜನ ಸಿಗುವುದಿಲ್ಲ. ಅಮ್ಮನಿಗೆ ಒಬ್ಬರೇ ನೋಡಿಕೊಳ್ಳಲು ಆಗುತ್ತಿಲ್ಲ. ಅಣ್ಣ ಬೆಂಗಳೂರಿನಲ್ಲಿದ್ದಾನೆ, ಮಾರೋಣ ಅಂತ ಮೊದಲಿಂದ ಹೇಳುತ್ತಿದ್ದ. ಅವತ್ತು ಬೆಳಿಗ್ಗೆ ಫೋನಿನಲ್ಲಿ ನಾನೂ ಆಯಿತು ಅಂದಿದ್ದೆ. ಅವತ್ತೇ ಸಂಜೆ ಕೊಡೆ ಸಿಕ್ಕಿತು.

ಅಮ್ಮ ಹೇಳುತ್ತಾರೆ, ಅಪ್ಪನಿಗೆ ಇಷ್ಟ ಇಲ್ಲ, ತೋಟ ಮಾರಬೇಡಿ. ಅಣ್ಣ ಹೇಳುತ್ತಾನೆ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ನನಗೆ ಇಬ್ಬರ ಮಾತೂ ಅರ್ಧ ಸರಿ ಅನ್ನಿಸುತ್ತಿದೆ. ನಿಮಗೆ ಹೀಗೆ ಆಗಿದ್ದರೆ ಏನು ಅಂದುಕೊಳ್ಳುತ್ತಿದ್ದಿರಿ?

---

ಸಾಗರದ ಲೆಕ್ಕದ ಮೇಷ್ಟ್ರು ಬರೆದದ್ದು:

ತಂಗೀ, ಮೊದಲು ಅಪ್ಪನ ವಿಷಯ ಕೇಳಿ ಬೇಸರವಾಯಿತು. ಕೊಡೆ ಸಿಕ್ಕಿದ್ದು ಸಂತೋಷ.

ನಾನು ಲೆಕ್ಕ ಕಲಿಸುವವನು, ಹಾಗಾಗಿ ಲೆಕ್ಕದ ಕಡೆಯಿಂದ ಹೇಳುತ್ತೇನೆ. ಪ್ರತಿ ಜೂನ್‌ನಲ್ಲಿ ಹೊಸ ತರಗತಿಗೆ ಹೋದಾಗ ಒಂದು ಪ್ರಶ್ನೆ ಕೇಳುತ್ತೇನೆ. ಈ ಕೋಣೆಯಲ್ಲಿ ಒಂದೇ ದಿನ ಹುಟ್ಟಿದ ಇಬ್ಬರು ಇರಬಹುದಾ? ಮಕ್ಕಳು ಇಲ್ಲ ಸಾರ್, 365 ದಿನ ಇದೆ, ನಾವು ನಲವತ್ತೇ ಜನ ಅನ್ನುತ್ತಾರೆ. ನಿಜ ಏನೆಂದರೆ 23 ಜನ ಇದ್ದರೆ ಸಾಕು, ಇರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಆಗುತ್ತದೆ. 40 ಜನ ಇದ್ದರೆ ನೂರಕ್ಕೆ 89. ಕಾರಣ, ನಾವು ಜನರನ್ನು ಎಣಿಸುತ್ತೇವೆ, ಎಣಿಸಬೇಕಾದ್ದು ಜೋಡಿಗಳನ್ನು. 40 ಜನರಲ್ಲಿ 780 ಜೋಡಿ ಇವೆ. ಹುಟ್ಟಿದ ದಿನ ಒಂದೊಂದಾಗಿ ಕೂಗಿಸುತ್ತಾ ಹೋದಾಗ ಯಾವುದೋ ಇಬ್ಬರು ಒಟ್ಟಿಗೆ ಎದ್ದು ನಿಲ್ಲುತ್ತಾರೆ, ಇಡೀ ತರಗತಿ ಹೋ ಅನ್ನುತ್ತದೆ. ಆ ಇಬ್ಬರು ವರ್ಷವೆಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಅದು ಬೇರೆ ಮಾತು.

ನಮ್ಮ ರಾಮಾನುಜನ್ ಕೇಂಬ್ರಿಜ್‌ಗೆ ಹೋಗಿದ್ದಾಗ ಅಲ್ಲಿ ಲಿಟಲ್‌ವುಡ್ ಎಂಬ ಗಣಿತಜ್ಞರಿದ್ದರು. ಅವರ ಹೆಸರಿನಲ್ಲಿ ಒಂದು ಲೆಕ್ಕ ಇದೆ. ಮನುಷ್ಯ ದಿನಕ್ಕೆ ಎಂಟು ಗಂಟೆ ಎಚ್ಚರವಾಗಿ ಗಮನ ಕೊಟ್ಟು ಇರುತ್ತಾನೆ ಅನ್ನಿ. ಸೆಕೆಂಡಿಗೆ ಒಂದು ಸಂಗತಿ ಕಣ್ಣಿಗೋ ಕಿವಿಗೋ ಬೀಳುತ್ತದೆ ಅನ್ನಿ. ದಿನಕ್ಕೆ 28,800 ಆಯಿತು. 35 ದಿನಕ್ಕೆ ಹತ್ತು ಲಕ್ಷ ದಾಟುತ್ತದೆ. ಅಂದರೆ ಹತ್ತು ಲಕ್ಷಕ್ಕೊಂದು ಸಲ ಆಗುವಂಥದ್ದು ಪ್ರತಿಯೊಬ್ಬರಿಗೂ ಸರಾಸರಿ ಹೆಚ್ಚುಕಮ್ಮಿ ತಿಂಗಳಿಗೊಮ್ಮೆ ಆಗುತ್ತದೆ. ಎಂದೂ ಆಗದಿದ್ದರೇ ವಿಚಿತ್ರ.

ಇನ್ನೊಂದು, ಎಣಿಸದೆ ಬಿಟ್ಟದ್ದು. ನೆನೆಸಿಕೊಂಡ ತಕ್ಷಣ ಯಾರಾದರೂ ಬಾಗಿಲಿಗೆ ಬಂದರೆ 'ನಿಮಗೆ ನೂರು ವರ್ಷ ಆಯಸ್ಸು' ಅನ್ನುತ್ತೇವೆ ಅಲ್ವಾ? ನೆನೆಸಿಕೊಂಡೂ ಬಾರದವರು ದಿನಕ್ಕೆ ಎಷ್ಟು ಜನ? ಅವರ ಲೆಕ್ಕ ಯಾರೂ ಇಡುವುದಿಲ್ಲ. ಅಪ್ಪ ಹೋದ ಮೇಲೆ ಈ ಹತ್ತು ತಿಂಗಳಲ್ಲಿ ನೀವು ಎಷ್ಟು ಕಪ್ಪು ಕೊಡೆ ನೋಡಿರಬಹುದು, ಅವು ಯಾವುವೂ ಅಪ್ಪನದಾಗಿರಲಿಲ್ಲ.

ಕಾಕತಾಳೀಯ ಎಂಬ ಪದವೇ ಇದನ್ನು ಹೇಳುತ್ತದೆ. ಕಾಗೆ ತಾಳೆ ಮರದ ಮೇಲೆ ಕೂತಿತು, ಅದೇ ಕ್ಷಣ ಹಣ್ಣು ಬಿತ್ತು. ಹಣ್ಣು ಬೀಳುವ ಹೊತ್ತಾಗಿತ್ತು, ಬಿತ್ತು. ಇನ್ನೊಂದು ಹಳೆಯ ಮಾತಿದೆ, ಘುಣಾಕ್ಷರ ನ್ಯಾಯ ಅಂತ. ಹುಳ ಮರ ಕೊರೆಯುತ್ತಾ ಹೋಗುತ್ತದೆ, ಒಂದು ಕಡೆ ಅದು 'ಅ' ಅಕ್ಷರದ ಹಾಗೆ ಕಾಣುತ್ತದೆ. ಹುಳ ಬರೆದದ್ದಲ್ಲ, ನಾವು ಓದಿದ್ದು.

ತೋಟದ ವಿಷಯ ಕೊಡೆಯ ಮೇಲೆ ತೀರ್ಮಾನ ಮಾಡಬೇಡಿ ಅಂತ ನನ್ನ ಮಾತು.

---

ಹೊಸನಗರ ಮುಳುಗಡೆ ಮನೆ ಬರೆದದ್ದು:

ಮೇಷ್ಟ್ರೇ, ನಿಮ್ಮ ಲೆಕ್ಕ ಸರಿ ಇರಬಹುದು. ಆದರೆ ಆ ಹುಡುಗಿ ಕೇಳಿದ್ದು ಎಷ್ಟು ಲಕ್ಷಕ್ಕೊಂದು ಅಂತ ಅಲ್ಲವಲ್ಲ.

ನನಗೆ ಎಪ್ಪತ್ತು ದಾಟಿತು, ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಮ್ಮದು ಶರಾವತಿಯಲ್ಲಿ ಮುಳುಗಿದ ಊರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ನಾನು ಆಗ ಚಿಕ್ಕ ಹುಡುಗಿ. ಸಾಮಾನು, ದನ, ದೇವರ ಪೆಟ್ಟಿಗೆ ಎಲ್ಲ ಲಾರಿಗೆ ಏರಿಸಿಕೊಂಡು ಬಂದೆವು. ಒಂದು ಕೇರಿಯವರು ಒಂದೇ ಕಡೆ ಹೋಗಲಿಲ್ಲ. ಕೆಲವರು ಸಾಗರದ ಕಡೆ, ಕೆಲವರು ಶಿವಮೊಗ್ಗದ ಹತ್ತಿರ, ಕೆಲವರು ಭದ್ರಾವತಿ ಕಡೆ. ಪಕ್ಕದ ಮನೆಯ ನನ್ನ ಓರಗೆಯವಳು ಎಲ್ಲಿಗೆ ಹೋದಳು ಅಂತ ಗೊತ್ತೇ ಆಗಲಿಲ್ಲ.

ನಲವತ್ತು ವರ್ಷದ ಮೇಲೆ ನಮ್ಮ ಯಜಮಾನರನ್ನು ಶಿವಮೊಗ್ಗದಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ವಾರ್ಡಿನ ಹೊರಗೆ ಚಾಪೆ ಹಾಸಿಕೊಂಡು ಮಲಗಿದ್ದೆ. ಪಕ್ಕದಲ್ಲಿ ಒಬ್ಬ ಹೆಂಗಸು ಫ್ಲಾಸ್ಕಿನಿಂದ ಕಷಾಯ ಬಗ್ಗಿಸಿ ಕೊಟ್ಟಳು. ಯಾವೂರು ಅಂದೆ. ಈಗ ಇಂಥ ಊರು, ಮೊದಲು ಮುಳುಗಡೆ ಅಂದಳು. ಅವಳೇ! ಅವಳ ಗಂಡನೂ ಅದೇ ವಾರ್ಡಿನಲ್ಲಿ. ಆ ಹನ್ನೊಂದು ರಾತ್ರಿ ಅವಳಿಲ್ಲದಿದ್ದರೆ ನಾನು ಹೇಗೆ ಕಳೆಯುತ್ತಿದ್ದೆನೋ.

ಮೊಮ್ಮಗಳು ಹೇಳುತ್ತಾಳೆ, ಅಜ್ಜೀ, ಮುಳುಗಡೆಯವರು ಜಿಲ್ಲೆ ತುಂಬ ಇದ್ದಾರೆ, ಕಾಯಿಲೆ ಜಾಸ್ತಿಯಾದರೆ ಎಲ್ಲರೂ ಶಿವಮೊಗ್ಗಕ್ಕೇ ಬರಬೇಕು, ಸಿಗದೆ ಇನ್ನೇನು? ಅದೂ ಸರಿ. ಆದರೆ ನಮ್ಮಲ್ಲಿ ಇದಕ್ಕೆ ಋಣ ಅನ್ನುತ್ತಾರೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ, ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಮುಳುಗಿದ್ದು ಇಲ್ಲ ಅಂತ ಅಲ್ಲ, ಕೆಳಗೆ ಇರುತ್ತದೆ. ನಿನ್ನ ಕೊಡೆಯೂ ಹಾಗೇ ಮಗಳೇ. ಅಪ್ಪ ಕಳಿಸಿದರು ಅಂತ ಅಂದುಕೋ, ಯಾರಿಗೂ ನಷ್ಟ ಇಲ್ಲ.

---

ಶಿಕಾರಿಪುರ ರೈತ ಬರೆದದ್ದು:

ಅಮ್ಮಾ, ನಿಮ್ಮ ಮಾತಿಗೆ ಎದುರು ಆಡುತ್ತಿಲ್ಲ, ಆದರೆ ನಷ್ಟ ಇಲ್ಲ ಅಂದಿರಲ್ಲ, ಅಲ್ಲಿ ಒಂದು ಮಾತು ಹೇಳಲೇಬೇಕು.

ಬೋರ್‌ವೆಲ್‌ಗೆ ಪಾಯಿಂಟ್ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಜಮೀನಿನಲ್ಲಿ ನಡೆಯುತ್ತಾರೆ, ಕಾಯಿ ಎದ್ದು ನಿಂತ ಕಡೆ ನೀರಿದೆ ಅನ್ನುತ್ತಾರೆ. ನಮ್ಮಲ್ಲಿ ಹಾಗೆ ನೋಡಿಸಿ ಮೊದಲ ಬೋರ್ ತೆಗೆಸಿದಾಗ 280 ಅಡಿಗೆ ಒಳ್ಳೆ ನೀರು ಬಂತು. ಊರೆಲ್ಲ ಹೇಳಿಕೊಂಡು ಬಂದೆ. ಎಷ್ಟೋ ಜನ ನನ್ನ ಮಾತು ಕೇಳಿ ಅವರನ್ನೇ ಕರೆಸಿದರು. ಎರಡನೆಯದು 450 ಅಡಿ, ಬರೀ ಪುಡಿ ಮಣ್ಣು. ಮೂರನೆಯದೂ ಅಷ್ಟೇ. ಸಾಲ ಮಾಡಿದ್ದೆ. ಆ ಎರಡರ ವಿಷಯ ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಮೇಷ್ಟ್ರು ಹೇಳಿದ 'ಎಣಿಸದೆ ಬಿಟ್ಟದ್ದು' ಅಂದರೆ ಇದೇ. ಹೀಗೆ ಒಂದು ಸಲ ಸರಿಹೋದದ್ದನ್ನು ನಂಬಿ ನಾನು ಕಳೆದುಕೊಂಡದ್ದು ಎರಡು ವರ್ಷದ ಫಸಲಿನ ದುಡ್ಡು.

ಅದಕ್ಕೇ ಹೇಳುತ್ತೇನೆ ಅಕ್ಕಾ, ಕೊಡೆಯನ್ನು ದೇವರ ಕೋಣೆಯಲ್ಲಿ ಬೇಕಾದರೂ ಇಡಿ. ತೋಟದ ಲೆಕ್ಕ ಮಾತ್ರ ಪುಸ್ತಕದಲ್ಲಿ ಮಾಡಿ. ಮೂರು ವರ್ಷದ್ದು ಬರೆಯಿರಿ. ಎಷ್ಟು ಕ್ವಿಂಟಲ್ ಬಂತು, ಯಾವ ದರಕ್ಕೆ ಹೋಯಿತು, ಔಷಧಿಗೆ ಎಷ್ಟು, ಕೂಲಿಗೆ ಎಷ್ಟು. ಪೂರ್ತಿ ಮಾರುವುದೋ, ಗೇಣಿಗೆ ಕೊಡುವುದೋ, ಅರ್ಧ ಇಟ್ಟುಕೊಳ್ಳುವುದೋ, ದಾರಿ ಎರಡೇ ಅಲ್ಲ. ಎಲೆಚುಕ್ಕಿ ಬಂದ ತೋಟಕ್ಕೆ ಈ ವರ್ಷ ಗಿರಾಕಿ ಕಡಿಮೆ ದರಕ್ಕೇ ಕೇಳುತ್ತಾನೆ, ಅದನ್ನೂ ಅಣ್ಣನಿಗೆ ಹೇಳಿ.

---

ಆಗುಂಬೆ ದಾರಿ ಬರೆದದ್ದು:

ಎಲ್ಲರಿಗೂ ಧನ್ಯವಾದ. ಅಜ್ಜೀ, ನಿಮ್ಮ ಮಾತು ಓದಿ ಅಮ್ಮನಿಗೂ ಓದಿ ಹೇಳಿದೆ. ರೈತಣ್ಣ, ಗೇಣಿಯ ವಿಷಯ ನಾವು ಯೋಚಿಸಿಯೇ ಇರಲಿಲ್ಲ.

ಒಂದು ಮಾತು ನಿಜ ಹೇಳಬೇಕು. ಬೆಳಿಗ್ಗೆ ಫೋನಿನಲ್ಲಿ ಒಪ್ಪಿಕೊಂಡಾಗಿನಿಂದ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ಕೊಡೆ ಸಿಗುವ ಮೊದಲೇ.

---

ದುರ್ಗಿಗುಡಿ ಆಪ್ತ ಸಮಾಲೋಚಕಿ ಬರೆದದ್ದು:

ನೀವು ಕೊನೆಗೆ ಬರೆದ ಎರಡು ಸಾಲು ನನಗೆ ಬಹಳ ಮುಖ್ಯ ಅನ್ನಿಸಿತು.

ಕಾರ್ಲ್ ಯೂಂಗ್ ಎಂಬ ಸ್ವಿಸ್ ಮನೋವೈದ್ಯರು ಈ ವಿಷಯದ ಮೇಲೆ 1952ರಲ್ಲಿ ಬರೆದರು. ಕಾರಣದ ನಂಟು ಇಲ್ಲದೆ, ಅರ್ಥದಿಂದ ಮಾತ್ರ ಕೂಡಿಬರುವ ಸಂಗತಿಗಳಿಗೆ ಅವರು ಸಿಂಕ್ರೊನಿಸಿಟಿ ಅಂತ ಹೆಸರಿಟ್ಟರು. ಅವರು ಕೊಟ್ಟ ಉದಾಹರಣೆ ಹೀಗಿದೆ. ಒಬ್ಬ ಹೆಂಗಸು ಚಿಕಿತ್ಸೆಗೆ ಬರುತ್ತಿದ್ದಳು, ಎಲ್ಲದಕ್ಕೂ ತರ್ಕ ಹಿಡಿಯುವವಳು, ಮನಸ್ಸು ಬಿಚ್ಚುತ್ತಲೇ ಇರಲಿಲ್ಲ. ಒಂದು ದಿನ, ಕನಸಿನಲ್ಲಿ ಯಾರೋ ತನಗೆ ಚಿನ್ನದ ದುಂಬಿಯ ಒಡವೆ ಕೊಟ್ಟರು ಅಂತ ಹೇಳುತ್ತಿದ್ದಳು. ಅಷ್ಟರಲ್ಲಿ ಕಿಟಕಿಗೆ ಏನೋ ಬಡಿದ ಸದ್ದು. ಯೂಂಗ್ ಕಿಟಕಿ ತೆಗೆದು ಹಿಡಿದರೆ ಹಸಿರು ಹೊಂಬಣ್ಣದ ಒಂದು ದುಂಬಿ. ಅದನ್ನು ಅವಳ ಕೈಗೆ ಕೊಟ್ಟರು. ಅಲ್ಲಿಂದ ಅವಳ ಚಿಕಿತ್ಸೆ ಮುಂದೆ ಸಾಗಿತು.

ಯೂಂಗ್ ಹೇಳಿದ ಹಾಗೆ ಜಗತ್ತಿನಲ್ಲಿ ಅಂಥ ಒಂದು ನಿಯಮ ಇದೆ ಅಂತ ವಿಜ್ಞಾನ ಒಪ್ಪಿಲ್ಲ, ನಾನೂ ಒಪ್ಪುವುದಿಲ್ಲ. ಆ ದುಂಬಿ ಹೊರಗಿನ ಬೆಳಕು ಬಿಟ್ಟು ಕತ್ತಲ ಕೋಣೆಗೆ ಯಾಕೆ ಬಂತು ಎಂಬುದಕ್ಕಿಂತ, ಅವಳೊಳಗೆ ಏನು ಬಿಚ್ಚಿಕೊಂಡಿತು ಎಂಬುದು ನನಗೆ ಜಾಸ್ತಿ ಮುಖ್ಯ. ಮನೆಯಲ್ಲಿ ಸಾವಾದವರು ನನ್ನ ಹತ್ತಿರ ಬಂದಾಗ ಇಂಥದ್ದನ್ನು ಹೇಳದೆ ಹೋದವರು ಕಡಿಮೆ. ತಿಥಿಯ ದಿನ ಕಾಗೆ ಬಂದ ರೀತಿ, ಹೋದವರು ಹಾಡುತ್ತಿದ್ದ ಹಾಡು ಬಸ್ಸಿನಲ್ಲಿ ಕೇಳಿದ್ದು. ಅವರು ಸುಳ್ಳು ಹೇಳುತ್ತಿಲ್ಲ, ಮನಸ್ಸು ಕೆಟ್ಟಿದೆ ಅಂತಲೂ ಅಲ್ಲ. ಇಲ್ಲದವರನ್ನು ಕಣ್ಣು ಇನ್ನೂ ಹುಡುಕುತ್ತಿರುತ್ತದೆ. ಗೋಡೆಯ ಮೇಲಿನ ನಾಲ್ಕೈದು ಕೊಡೆಯಲ್ಲಿ ಆ ಒಂದು ಹಿಡಿಯೇ ನಿಮ್ಮ ಕಣ್ಣಿಗೆ ಬಿದ್ದದ್ದು ಅದಕ್ಕೇ. ಬೇರೆ ಯಾರಾದರೂ ಆಗಿದ್ದರೆ ಕಡ್ಡಿ ಕಟ್ಟಿಸಿಕೊಂಡು ದುಡ್ಡು ಕೊಟ್ಟು ಹೋಗುತ್ತಿದ್ದರು.

ಒಂದು ಎಚ್ಚರಿಕೆ ಮಾತ್ರ. ಕಂಡದ್ದೆಲ್ಲ ತನಗೇ ಹೇಳುತ್ತಿರುವ ಹಾಗೆ ಅನ್ನಿಸತೊಡಗಿದರೆ, ಬಸ್ಸಿನ ನಂಬರು, ಗೋಡೆಯ ಪೋಸ್ಟರು ಎಲ್ಲವೂ, ನಿದ್ದೆಯೂ ಕೆಟ್ಟರೆ, ಆಗ ವೈದ್ಯರನ್ನು ನೋಡಬೇಕು. ನಿಮ್ಮದು ಹಾಗಲ್ಲ. ನಿಮ್ಮ ಹೊಟ್ಟೆಯ ಸಂಕಟಕ್ಕೆ ಮಾತು ಸಿಕ್ಕಿರಲಿಲ್ಲ, ಕೊಡೆ ಕೈಗೆ ಬಂದಾಗ ಸಿಕ್ಕಿತು. ಅದನ್ನು ಅಪ್ಪನ ಮಾತು ಅಂತ ಅಣ್ಣನಿಗೆ ಹೇಳಬೇಡಿ. ನನ್ನ ಮಾತು ಅಂತಲೇ ಹೇಳಿ.

---

ಸೊರಬದ ಹಳೆ ಸಿಸ್ಟರ್ ಬರೆದದ್ದು:

ಎಲ್ಲರೂ ಒಳ್ಳೆಯದೇ ಬರೆದಿದ್ದೀರಿ, ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದೆ. ಆ ಕೊಡೆ ಅಂಗಡಿಗೆ ಬಂದದ್ದು ಹೇಗೆ?

ಯಾಕೆ ಕೇಳುತ್ತೇನೆ ಅಂದರೆ ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು, ಸೊರಬದವಳು. ಕ್ಯಾಸನೂರು ಕಾಡು ನಮ್ಮ ತಾಲ್ಲೂಕಿನದೇ. 1957ರಲ್ಲಿ ಅಲ್ಲಿ ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಅದೇ ಹೊತ್ತಿಗೆ ಸುತ್ತಿನ ಹಳ್ಳಿಯ ಜನಕ್ಕೆ ಜೋರು ಜ್ವರ. ಮಂಗ ಸಾಯುವುದಕ್ಕೂ ಮನುಷ್ಯನ ಜ್ವರಕ್ಕೂ ಏನು ಸಂಬಂಧ, ಎರಡೂ ಒಟ್ಟಿಗೆ ಬಂದಿವೆ ಅಷ್ಟೇ ಅಂತ ಬಿಡಬಹುದಿತ್ತು. ಯಾವುದೋ ದೇವರ ಸಿಟ್ಟು ಅಂತಲೂ ಬಿಡಬಹುದಿತ್ತು. ಪುಣೆಯಿಂದ ಬಂದ ವಿಜ್ಞಾನಿಗಳು ಎರಡೂ ಬಿಡಲಿಲ್ಲ. ಸತ್ತ ಮಂಗ, ಕಾಯಿಲೆಯ ಮಂಗ ಎಲ್ಲ ಪರೀಕ್ಷೆ ಮಾಡಿದರು. ಹೊಸ ವೈರಸ್ ಸಿಕ್ಕಿತು. ಅದನ್ನು ಹರಡುವುದು ಕಾಡಿನ ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ, ಅಂತ ಗೊತ್ತಾಯಿತು. ಇವತ್ತಿಗೂ ಮಂಗನ ಕಾಯಿಲೆ ಅಂತಲೇ ಕರೆಯುತ್ತೇವೆ. ಬೇಸಿಗೆಯಲ್ಲಿ ಸತ್ತ ಮಂಗ ಕಂಡರೆ ತಕ್ಷಣ ತಿಳಿಸಿ ಅಂತ ನಾನು ಎಷ್ಟು ಮನೆಯ ಜಗಲಿಯಲ್ಲಿ ಕೂತು ಹೇಳಿದ್ದೇನೋ ಲೆಕ್ಕವಿಲ್ಲ. ಮಂಗ ಸತ್ತ ಕಾಡಿಗೆ ತರಗೆಲೆ ತರಲು ಹೋಗಬೇಡಿ, ಹೋಗಲೇಬೇಕಾದರೆ ಮೈಗೆ ಉಣುಗು ತಡೆಯುವ ಎಣ್ಣೆ ಹಚ್ಚಿಕೊಂಡು ಹೋಗಿ, ಬಂದು ಬಿಸಿನೀರು ಸ್ನಾನ ಮಾಡಿ ಅಂತ.

ಎರಡು ಸಂಗತಿ ಒಟ್ಟಿಗೆ ಬಂದಾಗ ಕೆಲವು ಸಲ ನಡುವೆ ಒಂದು ಉಣುಗು ಇರುತ್ತದೆ. ಕೆಲವು ಸಲ ಏನೂ ಇರುವುದಿಲ್ಲ. ಹೋಗಿ ನೋಡದೆ ಹೇಳುವುದು ಹೇಗೆ? ಮೇಷ್ಟ್ರು ಲೆಕ್ಕದಲ್ಲೇ ಮುಗಿಸಿದರು, ಅಜ್ಜಿ ಋಣದಲ್ಲಿ ಮುಗಿಸಿದರು. ನೀವು ಆ ಅಂಗಡಿಗೆ ಇನ್ನೊಮ್ಮೆ ಹೋಗಿ ಅವರನ್ನೇ ಕೇಳಿ.

---

ಸಾಗರದ ಲೆಕ್ಕದ ಮೇಷ್ಟ್ರು ಬರೆದದ್ದು:

ಸಿಸ್ಟರ್ ಹೇಳಿದ್ದು ಸರಿ. ನನ್ನ ಲೆಕ್ಕ ಆ ಪ್ರಶ್ನೆ ಕೇಳಿದ ಮೇಲೆ ಬರಬೇಕಿತ್ತು. ತೀರ್ಥಹಳ್ಳಿ ಬಸ್ಸಿನಲ್ಲಿ ಬಿಟ್ಟ ಕೊಡೆಗಳೆಲ್ಲ ಒಂದೇ ಅಂಗಡಿಗೆ ಬರುವ ದಾರಿ ಇದ್ದರೆ ಇದು ಹತ್ತು ಲಕ್ಷಕ್ಕೊಂದೇ ಅಲ್ಲ. ಹೋಗಿ ಬಂದು ಬರೆಯಿರಿ ತಂಗೀ, ಕಾಯುತ್ತೇನೆ.

---

ಆಗುಂಬೆ ದಾರಿ ಬರೆದದ್ದು:

ನಿನ್ನೆ ಹೋಗಿದ್ದೆ. ಅವರಿಗೆ ನನ್ನ ಗುರುತು ಸಿಕ್ಕಿತು, ಸ್ಟೂಲ್ ಕೊಟ್ಟು ಕೂರಿಸಿದರು.

ಅವರು ಹೇಳಿದ್ದು ಇಷ್ಟು. ನಮ್ಮ ಕಡೆ ಓಡಾಡುವ ಬಸ್ಸಿನ ಕಂಡಕ್ಟರ್ ಒಬ್ಬರು, ಬಸ್ಸಿನಲ್ಲಿ ಬಿಟ್ಟುಹೋದ ಕೊಡೆಗಳನ್ನು ತಿಂಗಳುಗಟ್ಟಲೆ ಇಟ್ಟುಕೊಂಡು, ಯಾರೂ ಕೇಳದಿದ್ದರೆ ಮಳೆಗಾಲ ಮುಗಿದ ಮೇಲೆ ಇವರಿಗೆ ತಂದು ಕೊಡುತ್ತಿದ್ದರಂತೆ. ಇವರು ಸರಿಮಾಡಿ ಮುಂದಿನ ಮೇ ತಿಂಗಳಲ್ಲಿ ಕಡಿಮೆ ದುಡ್ಡಿಗೆ ಮಾರುತ್ತಾರೆ. ಕೊಡೆ ಕೊಳ್ಳಲು ಆಗದವರು ಬಂದರೆ ಹಾಗೇ ಕೊಡುವುದೂ ಉಂಟಂತೆ. ಹೆಸರು ಬರೆದಿರುವುದನ್ನು ಮಾತ್ರ ಮಾರುವುದಿಲ್ಲ. 'ಹೆಸರಿದ್ದರೆ ಅದಕ್ಕೆ ಯಜಮಾನರಿದ್ದಾರೆ, ನಾನು ಮಾರುವುದು ಹೇಗೆ' ಅಂದರು. ಗೋಡೆಯ ಮೇಲಿನ ಕೊಡೆಗಳೆಲ್ಲ ಹಾಗೆ ಹೆಸರಿರುವವು. ನಾನು ಅವತ್ತು ಅದನ್ನು ಗಮನಿಸಿರಲಿಲ್ಲ. ನಿನ್ನೆ ಒಂದೊಂದನ್ನೂ ಬಿಚ್ಚಿ ನೋಡಿದೆ. ಇನ್ನೂ ಮೂರು ಇವೆ. ಒಂದರ ಮೇಲೆ ಊರಿನ ಹೆಸರು ಅರ್ಧ ಅಳಿಸಿಹೋಗಿದೆ. ಇನ್ನೊಂದು ನಮ್ಮ ಪಕ್ಕದ ಊರಿನದೇ, ಮುಂದಿನ ವಾರ ಊರಿಗೆ ಹೋದಾಗ ವಿಚಾರಿಸುತ್ತೇನೆ ಅಂತ ಹೇಳಿ ತೆಗೆದುಕೊಂಡು ಬಂದಿದ್ದೇನೆ.

ಅಪ್ಪನ ಊರಿನ ಹೆಸರು ಓದಿ, ಆ ಕಂಡಕ್ಟರ್‌ಗೆ ಅಲ್ಲಿ ವಿಚಾರಿಸಲು ಹೇಳಿದ್ದರಂತೆ. ಅಷ್ಟರಲ್ಲಿ ಅವರ ರೂಟ್ ಬದಲಾಯಿತು. ಆಮೇಲೆ ಕೋವಿಡ್ ಬಂತು, ಅಂಗಡಿಯೇ ಮುಚ್ಚಿತ್ತು. ಆರು ವರ್ಷ ಅದೇ ಮೊಳೆಯಲ್ಲಿ ಇತ್ತು. ಪ್ರತಿ ವರ್ಷ ಮಳೆ ಮುಗಿದ ಮೇಲೆ ಬಿಚ್ಚಿ ಬಿಸಿಲಿಗೆ ಇಟ್ಟು, ಕಡ್ಡಿಗೆ ಎಣ್ಣೆ ಹಾಕಿ ಮತ್ತೆ ನೇತು ಹಾಕುತ್ತಿದ್ದರಂತೆ. ಅದಕ್ಕೇ ತುಕ್ಕು ಹಿಡಿದಿಲ್ಲ. ನಾನು ಶಿವಮೊಗ್ಗಕ್ಕೆ ಬಂದು ನಾಲ್ಕು ವರ್ಷ ಆಯಿತು, ಆ ಗಲ್ಲಿಯ ಮುಂದೆ ಎಷ್ಟೋ ಸಲ ಹೋಗಿದ್ದೇನೆ. ಅಪ್ಪ ನನ್ನ ರೂಮಿಗೆ ಬಂದಾಗ ಇಬ್ಬರೂ ಅದೇ ದಾರಿಯಲ್ಲಿ ತರಕಾರಿ ತಂದಿದ್ದೇವೆ.

ಅಣ್ಣನಿಗೆ ರಾತ್ರಿ ಫೋನ್ ಮಾಡಿದೆ. ಅಪ್ಪನ ಹೆಸರು ಎತ್ತಲಿಲ್ಲ. ಈಗಲೇ ಮಾರಲು ನನಗೆ ಮನಸ್ಸಿಲ್ಲ, ಮೂರು ವರ್ಷದ ಲೆಕ್ಕ ಬರೆಯೋಣ, ಗೇಣಿಗೆ ಕೊಡುವ ವಿಷಯವೂ ನೋಡೋಣ ಅಂದೆ. ಅವನು ಜಗಳ ಮಾಡಲಿಲ್ಲ. ಹಬ್ಬಕ್ಕೆ ಬರುತ್ತೇನೆ, ಪುಸ್ತಕ ತೆಗೆದಿಡು ಅಂದ. ಅಂಗಡಿಯವರ ವಿಷಯ ಪೂರ್ತಿ ಕೇಳಿಸಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಡಿಯ ಒಳಬದಿ ನೋಡು, ಹಲ್ಲಿನ ಗುರುತು ಇದೆಯಾ ಅಂತ ಕೇಳಿದ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಪೇಟೆಗೆ ಹೋಗುವಾಗ ಅದನ್ನು ಕಚ್ಚುತ್ತಿದ್ದನಂತೆ. ನನಗೆ ಈ ಕಥೆ ಗೊತ್ತೇ ಇರಲಿಲ್ಲ.

ದೀಪದ ಕೆಳಗೆ ಹಿಡಿದು ನೋಡಿದೆ. ಎರಡು ಗುರುತು ಇವೆ. ಫೋಟೋ ತೆಗೆದು ಕಳಿಸಿದೆ.